ಗೋಡೆಯ ಮೇಲಿನ ಎಪ್ಪತ್ತನಾಲ್ಕು

"ನಿಜ ಹೇಳೋದು ಬೇಕಾ, ಖುಷಿ ಕೊಡೋದು ಬೇಕಾ?"

ಹಾರ್ಟ್ ರೇಟ್ ಮಾನಿಟರ್ ಕೇಳಿಕೊಂಡು ಬಂದ ಎಲ್ಲರಿಗೂ ನಾನು ಹಾಕುತ್ತಿದ್ದ ಮೊದಲ ಪ್ರಶ್ನೆ ಅದು. ಹೆಚ್ಚಿನವರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಅವನು ಬಿಡಲಿಲ್ಲ. ಕೌಂಟರಿನ ಗಾಜಿನ ಮೇಲೆ ಎರಡೂ ಮೊಣಕೈ ಊರಿದ. ಗಾಜಿನ ಕೆಳಗೆ ಸಾಲಾಗಿಟ್ಟ ಬ್ಯಾಂಡುಗಳನ್ನು ನೋಡುವುದು ಬಿಟ್ಟು ನನ್ನ ಮುಖ ನೋಡಿದ.

"ಎರಡೂ ಒಂದರಲ್ಲೇ ಸಿಗಲ್ವಾ?"

"ಸಿಕ್ಕಿದ್ರೆ ನಾನೇ ಇಟ್ಕೋತಿದ್ದೆ. ಮಾರ್ತಿರ್ಲಿಲ್ಲ."

ಅವನು ನಕ್ಕ. ನಗುವಾಗ ಎಡಗಡೆಯ ಹುಬ್ಬೊಂದೇ ಮೇಲೇರುತ್ತಿತ್ತು. ಎದುರು ಬೀದಿಯ ಜಿಮ್‌ನಲ್ಲಿ ಕೋಚ್ ಅಂತೆ. ವರ್ಕೌಟ್‌ನಲ್ಲಿ ಎಷ್ಟು ಕ್ಯಾಲೊರಿ ಸುಡುತ್ತೇನೆ ಎಂದು ಸರಿಯಾಗಿ ಗೊತ್ತಾಗಬೇಕು, ಅಂದಾಜಿನ ಮೇಲೆ ಬದುಕಿ ಸಾಕಾಗಿದೆ ಅಂದ.

ನಾನು ಪಾಠ ಒಪ್ಪಿಸಿದೆ. "ಈ ಕೈಗೆ ಕಟ್ಟೋದು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತ ನೋಡತ್ತೆ. ನೀವು ಭಾರ ಎತ್ತುವಾಗ ಮುಷ್ಟಿ ಬಿಗಿಯಾದ್ರೆ ಅದಕ್ಕೆ ಗೊಂದಲ. ಮುನ್ನೂರು ಕ್ಯಾಲೊರಿ ಸುಟ್ಟಿದ್ರೆ ನಾನೂರೈವತ್ತು ಅಂತ ಬೆನ್ನು ತಟ್ಟತ್ತೆ. ಎದೆಗೆ ಕಟ್ಟೋ ಈ ಪಟ್ಟಿ ಹಾಗಲ್ಲ. ಬಡಿತಾನ ನೇರವಾಗಿ ಹಿಡಿಯತ್ತೆ. ಮುನ್ನೂರು ಅಂದ್ರೆ ಮುನ್ನೂರೇ."

"ಅಂದ್ರೆ ಮುಲಾಜಿಲ್ಲ."

"ಒಂಚೂರೂ ಇಲ್ಲ."

"ನಿಮ್ಮ ಹಾಗೆ," ಅಂದ.

ಬೇರೆ ಯಾರಾದರೂ ಅಂದಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಅವತ್ತು ಡಬ್ಬಿ ಹುಡುಕುವ ನೆಪದಲ್ಲಿ ಬಗ್ಗಿದೆ.

"ಡಬ್ಬಿ ಬಿಚ್ಚಿದ್ಮೇಲೆ ಬ್ಯಾಟರಿ ಹತ್ರ ಒಂದು ಪ್ಲಾಸ್ಟಿಕ್ ತುಣುಕು ಚಾಚ್ಕೊಂಡಿರತ್ತೆ. ಅದನ್ನ ಎಳೆದು ಬಿಸಾಕಿ," ಎಂದೆ. "ಎಳೀದೇ ಕಟ್ಕೊಂಡ್ರೆ ಕಲ್ಲಿಗೆ ಕಟ್ಟಿದ ಹಾಗೆ. ಎಲ್ಲರೂ ಮಾಡೋ ತಪ್ಪು ಇದು."

"ನಾನು ಎಲ್ಲರ ಹಾಗಲ್ಲ ಮೇಡಂ."

ಅದೂ ಎಲ್ಲರೂ ಹೇಳುವ ಮಾತೇ. ಬಿಲ್ ಹಾಕಿ ಕೊಟ್ಟೆ.

ನಮ್ಮ ಅಂಗಡಿಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಎದೆಪಟ್ಟಿಯನ್ನು ಅಂಗಡಿಯಲ್ಲಿ ಯಾರೂ ಕಟ್ಟಿ ನೋಡುವುದಿಲ್ಲ. ಅದಕ್ಕೆ ಅಂಗಿ ಬಿಚ್ಚಬೇಕು. ಹಾಗಾಗಿ ಕೌಂಟರಿನಲ್ಲಿ ನಿಲ್ಲುವವಳು, ಎಂದರೆ ನಾನು, ದಿನವಿಡೀ ಬಟ್ಟೆಯ ಒಳಗೆ ಒಂದು ಪಟ್ಟಿ ಕಟ್ಟಿಕೊಂಡಿರಬೇಕು. ನನ್ನ ಬಡಿತದ ಸಂಖ್ಯೆ ಹಿಂದಿನ ಗೋಡೆಯ ಸ್ಕ್ರೀನಿನ ಮೇಲೆ ಅಂಗೈ ಅಗಲದ ಕೆಂಪು ಅಕ್ಷರದಲ್ಲಿ ಕಾಣುತ್ತಿರಬೇಕು. "ನಿನ್ನ ಹೃದಯಾನೇ ನಮ್ಮ ಬೋರ್ಡು ಕಣಮ್ಮ," ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಹೇಳಿದ್ದರು. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕ್ಯಾಶ್ ನೋಡಿಕೊಂಡು, ಪೇಪರ್ ಓದಿಕೊಂಡು ಕೂತಿರುತ್ತಿದ್ದರು. ವರ್ಷದ ಹಿಂದೆ ಅವರಿಗೆ ಎದೆನೋವು ಬಂದು, ಡಾಕ್ಟರು ಹೇಳಿದರೆಂದು ಅವರೂ ಒಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು.

ಹೊಸ ವರ್ಷದ ಸ್ಟಾಕ್ ಬಂದಾಗ ನನ್ನ ಹಳೆಯ ಪಟ್ಟಿ ಸವೆದು ಹೋಗಿತ್ತು. ಹೊಸದು ಕಟ್ಟಿಕೊಂಡೆ. ಅವತ್ತಿನಿಂದ ಗೋಡೆಯ ಮೇಲೆ ಎಪ್ಪತ್ತನಾಲ್ಕು. ಹೆಚ್ಚೆಂದರೆ ಎಪ್ಪತ್ತಾರು. ನೆಲಮಾಳಿಗೆಯಿಂದ ಡಂಬೆಲ್ ಡಬ್ಬಿ ಹೊತ್ತು ಏದುಸಿರು ಬಿಡುತ್ತಾ ಬಂದರೂ ಎಪ್ಪತ್ತನಾಲ್ಕೇ. ಯಜಮಾನರು ಫೋನಿನಲ್ಲಿ ಸಪ್ಲೈಯರ್‌ನನ್ನು ಬೈಯುವಾಗ ಮಾತ್ರ ತೊಂಬತ್ತಾರಕ್ಕೆ ಏರುತ್ತಿತ್ತು. ನನಗೆ ಅವರ ಮೇಲೆ ಇಷ್ಟು ಭಯವಿದೆಯೇ ಎಂದು ನನಗೇ ಆಶ್ಚರ್ಯ.

ಮಾರನೇ ದಿನ ಸಂಜೆ ಆರು ಗಂಟೆಗೆ ಅವನು ಮತ್ತೆ ಬಂದ. ಏನೂ ಬೇಕಿರಲಿಲ್ಲ. ಕೂದಲು ಒದ್ದೆ, ಕುತ್ತಿಗೆಯ ಮೇಲೆ ಟವೆಲ್. ಗಾಜಿನ ಮೇಲೆ ಅದೇ ಜಾಗದಲ್ಲಿ ಮೊಣಕೈ ಊರಿದ.

"ಪಟ್ಟಿ ಕೆಲಸ ಮಾಡ್ತಿದೆಯಾ?" ಕೇಳಿದೆ.

"ನಂದು ಇರ್ಲಿ. ನಿಮ್ಮದು ಸ್ವಲ್ಪ ಜಾಸ್ತೀನೇ ಮಾಡ್ತಿದೆ," ಎಂದು ನನ್ನ ತಲೆಯ ಮೇಲಕ್ಕೆ ನೋಡಿದ.

ತಿರುಗಿ ನೋಡಿದೆ. ಎಪ್ಪತ್ತನಾಲ್ಕು ಇದ್ದದ್ದು ಎಂಬತ್ತೊಂಬತ್ತಾಗಿತ್ತು. ನೋಡುತ್ತಿದ್ದಂತೆ ನೂರಾ ನಾಲ್ಕು. ಆಮೇಲೆ ನೂರಾ ಹದಿನೆಂಟು.

"ಏನ್ರೀ ಇದು, ನಿಂತ ಕಡೆಯೇ ಓಡ್ತಿದೀರಲ್ಲ? ಯಾರನ್ನ ನೋಡಿ?"

ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಏನೂ ಆಗಿರಲಿಲ್ಲ. ಫ್ಯಾನಿನ ಗಾಳಿ ಕತ್ತಿಗೆ ಬಡಿಯುತ್ತಿತ್ತು, ಅಷ್ಟೇ. ಆದರೆ ಗೋಡೆ ಹೇಳುತ್ತಿತ್ತು. ಪಟ್ಟಿ ಸುಳ್ಳು ಹೇಳುವುದಿಲ್ಲ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ನಾನೇ. ಮುಖ ಕೆಂಪಾಯಿತು. ಕೆಂಪಾದದ್ದನ್ನು ಅವನು ನೋಡಿದ. ಅಲ್ಲಿಗೆ ನನ್ನ ಮೇಲಿನ ಆರೋಪ ಸಾಬೀತಾಗಿಹೋಯಿತು.

ಆರು ಗಂಟೆಗೆ ಅವನು ಬರುವುದು ದಿನದ ವಾಡಿಕೆಯಾಯಿತು. ಅವನು ಕೌಂಟರಿಗೆ ಬರುವುದಕ್ಕೂ ಸಂಖ್ಯೆ ಏರುವುದಕ್ಕೂ ಸರಿಹೋಗುತ್ತಿತ್ತು. "ಇವತ್ತು ನನಗೋಸ್ಕರ ಎಷ್ಟು ಕ್ಯಾಲೊರಿ ಸುಟ್ರಿ? ನಲವತ್ತು? ಪಾಪ, ಹೀಗೇ ಆದ್ರೆ ಕರಗಿ ಹೋಗ್ತೀರಾ," ಎನ್ನುತ್ತಿದ್ದ. ನಾನು ಬಯ್ಯುತ್ತಿದ್ದೆ. ಬಯ್ಯುವಾಗ ಸಂಖ್ಯೆ ಇನ್ನೂ ಏರುತ್ತಿತ್ತು. ಅವನು ಹುಬ್ಬೇರಿಸಿ ನಗುತ್ತಿದ್ದ.

ಗೋಡೆ ಅಷ್ಟು ಹೇಳಿದ ಮೇಲೆ ನಾನೂ ನನ್ನೊಳಗೆ ಹುಡುಕಲು ಶುರುಮಾಡಿದೆ. ಹುಡುಕಿದರೆ ಏನು ತಾನೇ ಸಿಗುವುದಿಲ್ಲ? ಅವನ ಟವೆಲಿನ ಸೋಪಿನ ವಾಸನೆ ಸಿಕ್ಕಿತು. ನನ್ನ ಪೆನ್ನು ತೆಗೆದುಕೊಂಡು ಮರೆತಂತೆ ಜೇಬಿಗೆ ಹಾಕಿಕೊಂಡು, ಬಾಗಿಲ ತನಕ ಹೋಗಿ ವಾಪಸ್ ಬಂದು ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚುತ್ತಿದ್ದದ್ದು ಸಿಕ್ಕಿತು. ತಿಂಗಳಾಗುವಷ್ಟರಲ್ಲಿ ಐದೂಮುಕ್ಕಾಲಿಗೇ ಕೈ ತಣ್ಣಗಾಗತೊಡಗಿತು. ಎದೆ ನಿಜವಾಗಿಯೂ ಹೊಡೆದುಕೊಳ್ಳತೊಡಗಿತು. ವಿಚಿತ್ರವೆಂದರೆ ಐದೂಮುಕ್ಕಾಲಿಗೆ ಗೋಡೆ ಎಪ್ಪತ್ತನಾಲ್ಕನ್ನೇ ತೋರಿಸುತ್ತಿತ್ತು. ಅದನ್ನು ಗಮನಿಸುವಷ್ಟು ಬುದ್ಧಿ ನನಗೆ ಉಳಿದಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಒಂದು ಸಂಬಂಧ ತಂದಿದ್ದಳು. ಒಳ್ಳೆಯ ಮನೆ, ಒಳ್ಳೆಯ ಕೆಲಸ, ಎರಡು ಸಲ ಭೇಟಿಯಾಗಿ ಮಾತಾಡಿದ್ದೂ ಆಗಿತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಬೇಡ ಅಂತ ಹೇಳ್ಬಿಡು ಅತ್ತಿಗೆ," ಎಂದೆ.

"ಯಾಕೇ? ಯಾರಾದ್ರೂ ಇದಾರಾ?"

"ಇದಾರೆ."

"ಅವನು ಬಾಯಿಬಿಟ್ಟು ಹೇಳಿದಾನಾ?"

"ಹೇಳ್ತಾನೆ. ದಿನಾ ಬರ್ತಾನೆ."

ಅತ್ತಿಗೆ ತಟ್ಟೆ ಒರೆಸುವುದು ನಿಲ್ಲಿಸಿ ನನ್ನನ್ನು ನೋಡಿದಳು. "ದಿನಾ ಹಾಲಿನವನೂ ಬರ್ತಾನೆ ಕಣೇ," ಅಂದಳು. ನನಗೆ ಸಿಟ್ಟು ಬಂತು. ಅವಳು ಬೇಡ ಎಂದು ಹೇಳಿಬಿಟ್ಟಳು. ಆ ಮನೆಯವರು ಮುಂದಿನ ತಿಂಗಳೇ ಬೇರೆ ಹುಡುಗಿಯನ್ನು ಒಪ್ಪಿದರು.

ಇಷ್ಟರಲ್ಲಿ ಅವನು ಒಬ್ಬನೇ ಬರುವುದು ಬಿಟ್ಟಿದ್ದ. ಜಿಮ್‌ನ ನಾಲ್ಕೈದು ಗಂಡಸರನ್ನು ಕರೆತರುತ್ತಿದ್ದ. ಅವರು ಬಾಗಿಲಲ್ಲೇ ನಿಂತು ಗೋಡೆ ನೋಡುತ್ತಿದ್ದರು. ಅವನು ಬಾಗಿಲಿನಿಂದ ಕೌಂಟರಿಗೆ ನಡೆದು ಬರುತ್ತಿದ್ದ. ಸಂಖ್ಯೆ ಏರಿದಾಗ ಅವರು ಹೋ ಎನ್ನುತ್ತಿದ್ದರು. ಅವನು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಇಳಿಯುತ್ತಿತ್ತು. ಮತ್ತೆ ಮುಂದೆ ಬರುತ್ತಿದ್ದ. ಅವನು ನನ್ನ ಮುಖಕ್ಕಿಂತ ಗೋಡೆಯನ್ನೇ ಹೆಚ್ಚು ನೋಡುತ್ತಿದ್ದ. ನಾನು ಗಾಜು ಒರೆಸುತ್ತಾ ನಿಂತಿರುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನೂ ಪ್ರೀತಿ ಎಂದೇ ತಿಳಿದೆ.

ಒಂದು ದಿನ ತಕರಾರು ತಂದ. "ನಿಮ್ಮ ಪಟ್ಟಿ ತಪ್ಪು ತೋರ್ಸತ್ತೆ ಮೇಡಂ. ನಾನು ದಿನವಿಡೀ ಕಟ್ಕೊಂಡಿರ್ತೀನಿ, ಮನೆಗೆ ಹೋಗಿ ಫೋನಲ್ಲಿ ನೋಡ್ತೀನಿ. ಆರರಿಂದ ಆರೂವರೆ ತನಕ ನಾನು ಇಲ್ಲಿ ಸುಮ್ನೆ ನಿಂತಿರ್ತೀನಿ. ಇದು ನೋಡಿದ್ರೆ ಮೆಟ್ಟಿಲು ಹತ್ತಿದ ಹಾಗೆ ಕ್ಯಾಲೊರಿ ಸೇರ್ಸತ್ತೆ."

"ವರ್ಕೌಟ್ ಬಿಸಿ ಇಳಿದಿರಲ್ಲ ಅಷ್ಟು ಹೊತ್ತಿಗೆ," ಎಂದೆ. ಅವನು ಒಪ್ಪಿದ. ಪಟ್ಟಿ ಮಾರುವವಳು, ಕಟ್ಟುವವನು, ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ನಾನೇ ಕೇಳಿದೆ. ಅವತ್ತು ಅವನ ಜೊತೆ ಇಬ್ಬರಿದ್ದರು, ಬಾಗಿಲ ಹತ್ತಿರ. ಮೆಲ್ಲಗೆ ಕೇಳಿದೆ.

"ನನ್ನದಂತೂ ಗೋಡೆ ಮೇಲಿದೆ. ನಿಮ್ಮ ಮನಸ್ಸಲ್ಲಿ ಏನಿದೆ, ಹೇಳಿ."

ಸ್ಕ್ರೀನ್ ನೂರಾ ಮೂವತ್ತು ಮುಟ್ಟಿತು. ಅದನ್ನು ನೋಡಿ ಅವನಿಗೆ ಧೈರ್ಯ ಬಂತು.

"ಅಯ್ಯೋ ಮೇಡಂ, ತಮಾಷೆನ ಯಾರಾದ್ರೂ ಇಷ್ಟು ಮನಸ್ಸಿಗೆ ಹಚ್ಕೋತಾರಾ?" ಬಾಗಿಲಲ್ಲಿದ್ದವರಿಗೂ ಕೇಳುವಂತೆ ಹೇಳಿದ. "ನನಗೆ ಮದುವೆ ಗೊತ್ತಾಗಿದೆ. ನಮ್ಮ ಜಿಮ್ ಓನರ್ ಮಗಳು. ನಿಮ್ಮ ಎದೆ ಹೀಗೆ ಬೀದಿಲಿ ಬಿದ್ದು ಹೊಡ್ಕೋತಿದ್ರೆ ಅದಕ್ಕೆ ನಾನೇನು ಮಾಡ್ಲಿ?"

ಬಾಗಿಲಲ್ಲಿದ್ದವರು ನಕ್ಕರು. ಯಜಮಾನರು ಪೇಪರ್ ಕೆಳಗಿಟ್ಟರು. ನಾನು ಮುಂದಿನ ಗಿರಾಕಿಗೆ ಬ್ಯಾಂಡಿನ ಗಾತ್ರ ತೋರಿಸಿದೆ. ಮೂರು ಸಲ ಬಕಲ್ ತಪ್ಪಿತು.

ಅವನು ಮಾತ್ರ ಆಮೇಲೂ ಆರು ಗಂಟೆಗೆ ಬರುವುದು ಬಿಡಲಿಲ್ಲ. ವಾರ ಕಳೆದ ಮೇಲೆ, ನನ್ನ ಪಟ್ಟಿ ಮೈಗೆ ತಾಗಿದರೇ ಅಸಹ್ಯವಾಗತೊಡಗಿತು. ಬ್ಯಾಟರಿ ತೆಗೆದು ಒಳಗಿಟ್ಟುಬಿಡೋಣ ಎಂದು ಒಂದು ಬೆಳಿಗ್ಗೆ ಅದರ ಮುಚ್ಚಳ ತಿರುಗಿಸಿದೆ.

ಬ್ಯಾಟರಿಯ ಕೆಳಗೆ ಪ್ಲಾಸ್ಟಿಕ್ ತುಣುಕು ಇತ್ತು.

ಹೊರಗೆ ಚಾಚಿಕೊಂಡಿರಬೇಕಿದ್ದ ತುದಿ ಎಲ್ಲೋ ಮುರಿದು ಹೋಗಿತ್ತು. ಒಳಗಿನದು ಹಾಗೇ ಉಳಿದಿತ್ತು. ಕಟ್ಟಿಕೊಂಡ ದಿನ ಗೋಡೆಯ ಮೇಲೆ ಸಂಖ್ಯೆ ಬಂದಿತ್ತು, ಹಾಗಾಗಿ ನಾನು ನೋಡಿಯೇ ಇರಲಿಲ್ಲ. ಊರಿಗೆಲ್ಲ ಎಳೆದು ಬಿಸಾಕಿ ಎಂದು ಹೇಳಿದವಳು, ನನ್ನದನ್ನೇ ಎಳೆದಿರಲಿಲ್ಲ. ನಾಲ್ಕು ತಿಂಗಳಿಂದ ನನ್ನ ಪಟ್ಟಿ ಒಂದೇ ಒಂದು ಬಡಿತವನ್ನೂ ಕಳಿಸಿರಲಿಲ್ಲ.

"ಸರ್, ಒಂದ್ನಿಮಿಷ ಬಾಗಿಲ ತನಕ ಹೋಗಿ ಬನ್ನಿ," ಎಂದೆ.

ಯಜಮಾನರು ಗೊಣಗುತ್ತಾ ಎದ್ದು ಹೋದರು. ಗೋಡೆಯ ಮೇಲಿನ ಎಪ್ಪತ್ತನಾಲ್ಕು ಅಳಿಸಿ ಎರಡು ಗೆರೆ ಬಂತು. ವಾಪಸ್ ಬಂದು ಕೂತರು. ಎಪ್ಪತ್ತಾರು. ಉಸಿರು ಸುಧಾರಿಸಿಕೊಂಡರು. ಎಪ್ಪತ್ತನಾಲ್ಕು. ಆ ಹಳೆಯ ಸ್ಕ್ರೀನಿಗೆ ಬಡಿತ ಹಿಡಿದು ಕೊಡುವ ರಿಸೀವರ್ ಕೌಂಟರಿನ ಗಾಜಿನ ಕೆಳಗಿತ್ತು. ಅದು ತನಗೆ ಅತೀ ಹತ್ತಿರ ಯಾವ ಪಟ್ಟಿ ಬಡಿಯುತ್ತಿದೆಯೋ ಅದನ್ನು ಹಿಡಿದುಕೊಳ್ಳುತ್ತಿತ್ತು.

"ಅಯ್ಯೋ ನಿನ್ನ! ನಾಲ್ಕು ತಿಂಗಳಿಂದ ನನ್ನ ಎದೆ ತೋರ್ಸಿ ವ್ಯಾಪಾರ ಮಾಡಿದ್ಯೇನಮ್ಮ?" ಎಂದು ಯಜಮಾನರು ಹಣೆ ಚಚ್ಚಿಕೊಂಡರು. ಆಮೇಲೆ ಅವರ ಮುಖ ಬದಲಾಯಿತು. "ಹಾಗಾದ್ರೆ ಸಂಜೆ ಆರು ಗಂಟೆಗೆ ಏರ್ತಿದ್ದದ್ದು?"

ಕೌಂಟರಿಗೆ ಎದೆ ಆನಿಸಿ ನಿಲ್ಲುತ್ತಿದ್ದವನ ಪಟ್ಟಿ ಯಜಮಾನರದ್ದಕ್ಕಿಂತ ಹತ್ತಿರವಿತ್ತು.

ಖುಷಿಯಾಯಿತು ಎಂದರೆ ನಂಬುತ್ತೀರಾ? ಆಯಿತು. ಅರ್ಧ ಗಂಟೆ ಅಂಗಡಿಯಲ್ಲಿ ಹಾಡು ಗುನುಗಿದೆ. ಆಮೇಲೆ ಬಾಗಿಲಲ್ಲಿ ನಿಂತು ನಕ್ಕವರು ನೆನಪಾದರು. ಬ್ಯಾಟರಿ ಸರಿಪಡಿಸಿ, ಪಟ್ಟಿಯನ್ನೂ ತುಣುಕನ್ನೂ ಡ್ರಾಯರಿನಲ್ಲಿಟ್ಟೆ.

ಶನಿವಾರ ಅವನು ತನ್ನ ಹುಡುಗಿಯನ್ನು ಕರೆದುಕೊಂಡು ಬಂದ. ಸಣ್ಣ ವಯಸ್ಸು, ಒಳ್ಳೆಯ ಮುಖ. ಮದುವೆಗೆ ಮುಂಚೆ ಸ್ವಲ್ಪ ಇಳಿಯಬೇಕು, ಕ್ಯಾಲೊರಿ ನೋಡಿಕೊಳ್ಳಲು ಅವಳಿಗೂ ಒಂದು ಮಾನಿಟರ್ ಬೇಕಂತೆ. ನನ್ನನ್ನು ಅಕ್ಕ ಎಂದು ಕರೆದಳು. ಕರೆಯದಿದ್ದರೆ ಚೆನ್ನಾಗಿತ್ತು.

"ನಿಲ್ಲು, ನಿನಗೆ ಒಂದು ತಮಾಷೆ ತೋರಿಸ್ತೀನಿ," ಎಂದು ಅವನು ಅವಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದ. "ಗೋಡೆ ನೋಡ್ತಿರು. ಈ ಮೇಡಂ ಹೃದಯ ನನ್ನ ಕಂಡ್ರೆ ಏನಾಗತ್ತೆ ನೋಡು."

ಕೌಂಟರಿಗೆ ಬಂದು ಮೊಣಕೈ ಊರಿದ. ತೊಂಬತ್ತೆಂಟು. ನೂರಾ ಹನ್ನೆರಡು. ನೂರಾ ಇಪ್ಪತ್ತೊಂದು.

"ನೋಡ್ದ್ಯಾ?"

ಹುಡುಗಿ ಮುಜುಗರದಿಂದ ನನ್ನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇತ್ತು. ನಾನು ಡ್ರಾಯರ್ ಎಳೆದು, ನನ್ನ ಪಟ್ಟಿಯನ್ನು ಗಾಜಿನ ಮೇಲೆ ಇಟ್ಟೆ. ಬ್ಯಾಟರಿ ತೆಗೆದು ಅದರ ಪಕ್ಕ ಇಟ್ಟೆ.

"ನನ್ನದು ಇಲ್ಲಿದೆ," ಎಂದೆ.

ಗೋಡೆಯ ಮೇಲೆ ನೂರಾ ಮೂವತ್ತಮೂರು.

ಮೂವರೂ ಅದನ್ನೇ ನೋಡಿದೆವು. ಅವನ ಹುಬ್ಬು ಅರ್ಧಕ್ಕೇ ನಿಂತಿತು. "ಸ್ಕ್ರೀನ್ ಕೆಟ್ಟಿದೆ," ಅಂದ. ನೂರಾ ನಲವತ್ತು.

"ಹಾಗಾದ್ರೆ ಅದು ಯಾರದ್ದು ಅಕ್ಕ?" ಹುಡುಗಿ ಕೇಳಿದಳು.

"ಯಾರು ಕಟ್ಕೊಂಡು ಹತ್ರ ನಿಂತಿದಾರೋ ಅವರದ್ದು."

ಅವಳು ಕೈ ಚಾಚಿ ಅವನ ಅಂಗಿಯ ಮೇಲಿನಿಂದ ಪಟ್ಟಿಯ ಉಬ್ಬನ್ನು ಮುಟ್ಟಿ ನೋಡಿದಳು. "ಫೋನ್ ಕೊಡು," ಅಂದಳು. ಅವನು ಕೊಟ್ಟ. ಕೊಡದೆ ಇರುವ ಬುದ್ಧಿಯೂ ಅವನಿಗೆ ಆಗ ಹೊಳೆಯಲಿಲ್ಲ. ಅವಳು ನಿಧಾನವಾಗಿ, ಮಕ್ಕಳು ಪಾಠ ಓದುವ ಹಾಗೆ ಓದಿದಳು.

"ಸೋಮವಾರ ಆರೂ ಹತ್ತು, ನೂರಾ ಹದಿನೆಂಟು. ಮಂಗಳವಾರ ಆರೂ ಕಾಲು, ನೂರಾ ಇಪ್ಪತ್ತು. ಬುಧವಾರ..." ಬೆರಳು ಸರಿಸಿದಳು. "ಭಾನುವಾರ ನೀನು ನಮ್ಮನೆಗೆ ಊಟಕ್ಕೆ ಬಂದಿದ್ದೆ. ಎರಡು ಗಂಟೆ ನನ್ನ ಪಕ್ಕ ಕೂತಿದ್ದೆ. ಅರವತ್ತೊಂದು."

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿಯೇ ಇತ್ತು.

"ಅಕ್ಕ, ಈ ಪಟ್ಟಿ ತಪ್ಪು ತೋರ್ಸೋದುಂಟಾ?"

ಉಂಟು ಎಂದಿದ್ದರೆ ಮುಗಿಯುತ್ತಿತ್ತು. ವರ್ಕೌಟ್ ಬಿಸಿ ಎಂದಿದ್ದರೂ ಆಗುತ್ತಿತ್ತು, ಒಮ್ಮೆ ಹೇಳಿದ ಮಾತೇ ಅದು. ಅವಳು ನನಗೆ ಯಾವ ಕೆಡುಕನ್ನೂ ಮಾಡಿರಲಿಲ್ಲ.

"ಇಲ್ಲಮ್ಮ," ಎಂದೆ. "ಇದು ನಿಜ ಹೇಳೋದು."

"ಹಾಗಾದ್ರೆ ನನಗೆ ಬೇಡ." ಫೋನನ್ನು ಗಾಜಿನ ಮೇಲಿಟ್ಟು ಹೊರಟುಹೋದಳು. ಅವನು ಫೋನ್ ಎತ್ತಿಕೊಂಡು ಅವಳ ಹಿಂದೆ ಓಡಿದ. ಅವನು ಬಾಗಿಲು ದಾಟಿದ ಮೇಲೆ ಗೋಡೆಗೆ ಎಪ್ಪತ್ತೊಂಬತ್ತು ಬಂತು. ಯಜಮಾನರಿಗೂ ಸ್ವಲ್ಪ ಹೆಚ್ಚಾಗಿತ್ತು.

ಹನ್ನೊಂದು ದಿನ ಬಿಟ್ಟು ಅವನು ಬಂದ. ಒಬ್ಬನೇ. ಗಡ್ಡ ಬಂದಿತ್ತು, ಮೊಣಕೈ ಊರಲಿಲ್ಲ. ಮದುವೆ ಮುರಿದಿತ್ತು, ಜಿಮ್‌ನ ಕೆಲಸವೂ ಹೋಗಿತ್ತು. ಆದರೂ ಗೋಡೆ ನೂರಾ ಇಪ್ಪತ್ತೈದು ಎನ್ನುತ್ತಿತ್ತು.

"ನನಗೇ ಗೊತ್ತಿರ್ಲಿಲ್ಲ," ಅಂದ. "ದಿನಾ ಯಾಕೆ ಇಲ್ಲಿಗೆ ಬರ್ತೀನಿ ಅಂತ ಒಂದ್ಸಲಾನೂ ಯೋಚಿಸ್ಲಿಲ್ಲ. ನೀವೇ ಹಾರಾಡ್ತಿದೀರ ಅಂದ್ಕೊಂಡೆ. ನಾನು ರೀ ಅದು. ಪೂರ್ತಿ ನಾನೇ. ನಿಮ್ಮನ್ನ ಬಿಟ್ಟು ನನಗೆ ಏನೂ ಬೇಡ."

ಎಷ್ಟು ದಿನ ಕಾದಿದ್ದೆ ಈ ಮಾತಿಗೆ. ನನಗಾಗಿ ಬಂದ ಸಂಬಂಧವನ್ನು ಈ ಮಾತಿನ ಆಸೆಗೆ ಬಿಟ್ಟಿದ್ದೆ. ಈಗ ಅದು ಗಾಜಿನ ಮೇಲೆ, ನನ್ನ ಕೈಗೆಟುಕುವ ಜಾಗದಲ್ಲಿತ್ತು.

"ನಿಮ್ಮ ಪಟ್ಟಿ ಬಿಚ್ಚಿ ಇಲ್ಲಿಡಿ," ಎಂದೆ. "ನಾನು ನನ್ನದು ಕಟ್ಕೊಂಡು ಬರ್ತೀನಿ. ನನ್ನ ಕೇಳ್ಬೇಡಿ, ಗೋಡೇನ ಕೇಳಿ."

ಡ್ರಾಯರಿನಿಂದ ಪಟ್ಟಿಯನ್ನೂ ತುಣುಕನ್ನೂ ಎತ್ತಿಕೊಂಡು ಹಿಂದಿನ ಬಾತ್‌ರೂಮಿಗೆ ಹೋಗಿ ಪಟ್ಟಿ ಬಿಗಿದುಕೊಂಡೆ. ಪಕ್ಕೆಲುಬಿನ ಮೇಲೆ ಎದೆ ಗುದ್ದುತ್ತಿರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿದೆ. ಆ ಬಡಿತ ನನ್ನದು ಎಂದು ತಿಳಿದಾಗ ಅವನಿಗೆ ಅದು ನಗೆಪಾಟಲಾಗಿತ್ತು, ಬೀದಿಯಲ್ಲಿ ಬಿದ್ದದ್ದಾಗಿತ್ತು. ತನ್ನದು ಎಂದು ಗೊತ್ತಾದ ಮೇಲೆ ಅದೇ ಬಡಿತ ಪ್ರೀತಿಯಾಯಿತು. ಗೋಡೆಯ ಮೇಲಿನದು ನಿಜವಾಗಿಯೂ ನನ್ನದೇ ಆಗಿದ್ದಿದ್ದರೆ? ಈಗಲೂ ಬಾಗಿಲಲ್ಲಿ ನಾಲ್ಕು ಜನ ನಗುತ್ತಿರುತ್ತಿದ್ದರು.

ಮುಚ್ಚಳ ತಿರುಗಿಸಿ, ಮುರಿದ ತುಣುಕನ್ನು ಬ್ಯಾಟರಿಯ ಕೆಳಗೆ ಮತ್ತೆ ಸೇರಿಸಿದೆ.

ಹೊರಗೆ ಬಂದಾಗ ಅವನ ಪಟ್ಟಿ ಗಾಜಿನ ಮೇಲಿತ್ತು. ಅವನ ಎದುರು ನಿಂತೆ. "ಈಗ ಹೇಳಿ," ಎಂದೆ.

ಅವನು ಹೇಳಿದ. ಇಷ್ಟು ದಿನ ತಮಾಷೆಯಲ್ಲಿ ಮುಚ್ಚಿಟ್ಟಿದ್ದೆಲ್ಲ ಹೇಳಿದ. ನನ್ನ ಪೆನ್ನು ಒಂದು ಇನ್ನೂ ತನ್ನ ಬಳಿ ಇದೆ ಅಂದ. ನಾನು ಕಿವಿಯ ಹಿಂದೆ ಕೂದಲು ಸರಿಸುವುದನ್ನು ನೋಡಲು ಬೇಕೆಂದೇ ಪ್ರಶ್ನೆ ಕೇಳುತ್ತಿದ್ದನಂತೆ. ಹೇಳುತ್ತಾ ಅತ್ತ. ನಡುನಡುವೆ ಗೋಡೆ ನೋಡುತ್ತಿದ್ದ.

ಎಪ್ಪತ್ತನಾಲ್ಕು. ಎಪ್ಪತ್ತನಾಲ್ಕು. ಎಪ್ಪತ್ತೈದು. ಎಪ್ಪತ್ತನಾಲ್ಕು.

"ಒಂಚೂರೂ ಇಲ್ವಾ?" ಕೊನೆಗೆ ಕೇಳಿದ.

ನಾನು ಗಾಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. "ಇದಕ್ಕೆ ಮುಲಾಜಿಲ್ಲ. ಮೊದಲನೇ ದಿನಾನೇ ಹೇಳಿದ್ದೆ."

ಅವನು ತಲೆಯಾಡಿಸಿದ. ಜೇಬಿನಿಂದ ಪೆನ್ನು ತೆಗೆದು ಗಾಜಿನ ಮೇಲಿಟ್ಟ. ಈ ಸಲ ನನ್ನ ಬೆರಳು ಮಡಚಲಿಲ್ಲ. ತನ್ನ ಪಟ್ಟಿಯನ್ನು ಅಲ್ಲೇ ಬಿಟ್ಟು ಹೋದ.

ಬಾಗಿಲು ಮುಚ್ಚಿಕೊಂಡ ಮೇಲೆ ಯಜಮಾನರು ದೊಡ್ಡದಾಗಿ ಉಸಿರು ಬಿಟ್ಟರು. ಗೋಡೆ ಒಮ್ಮೆಲೇ ತೊಂಬತ್ತೈದಕ್ಕೆ ಹಾರಿತು.

"ಅವನು ಅಳೋ ಹೊತ್ತಿಗೆ ನಾನು ಪಟ್ಟ ಪಾಡು ನನಗೇ ಗೊತ್ತು ಕಣಮ್ಮ," ಅಂದರು. "ಗೋಡೆ ಮೇಲೆ ನನ್ನ ಎಪ್ಪತ್ತನಾಲ್ಕು ಕಂಡ ಕೂಡ್ಲೇ ನೀನು ಆ ತುಣುಕು ಸೇರ್ಸಿದೀಯ ಅಂತ ಗೊತ್ತಾಯ್ತು. ಕಣ್ಣು ಮುಚ್ಕೊಂಡು ನಿಧಾನಕ್ಕೆ ಉಸಿರಾಡ್ತಾ ಕೂತಿದ್ದೆ. ನಂದು ಏರ್ಬಿಟ್ರೆ ನಿನ್ನ ಮರ್ಯಾದೆ ಹೋಗತ್ತಲ್ಲ ಅಂತ."

ನನಗೆ ನಗು ಬಂತು. ನಗುತ್ತಲೇ ಕಣ್ಣೀರು ಬಂತು. ಬಟ್ಟೆಯೊಳಗೆ ಕೈ ಹಾಕಿ ಮುಚ್ಚಳ ತಿರುಗಿಸಿ, ತುಣುಕನ್ನು ಎಳೆದು ಬಿಸಾಕಿ, ಬ್ಯಾಟರಿ ಒತ್ತಿ ಮುಚ್ಚಿದೆ. ಗೋಡೆಯ ಮೇಲೆ ಎರಡು ಗೆರೆ ಮಿನುಗಿ, ಮೊದಲ ಬಾರಿಗೆ ನನ್ನ ಸಂಖ್ಯೆ ಬಂತು. ನೂರಾ ನಲವತ್ತೊಂದು.

ಯಜಮಾನರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಇನ್ನೂ ರಸ್ತೆ ದಾಟಿರಲ್ಲ. ಓಡಿದ್ರೆ ಸಿಗ್ತಾನೆ."

ನಾನು ಓಡಲಿಲ್ಲ. ಅವನು ಮೊಣಕೈ ಊರುತ್ತಿದ್ದ ಜಾಗದಲ್ಲಿ ಗಾಜು ಒರೆಸಿದೆ. ಕಿಟಕಿಯಾಚೆ ಅವನು ರಸ್ತೆ ದಾಟುವುದು ಕಂಡಿತು, ಆಚೆ ಬದಿ ಸೇರಿದ್ದೂ ಕಂಡಿತು. ಗೋಡೆಯ ಮೇಲೆ ನೂರಾ ನಲವತ್ತೊಂದು ಹಾಗೇ ಇತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಒಳಗೆ ಬಂದು, ಕ್ಯಾಲೊರಿ ಸರಿಯಾಗಿ ತೋರಿಸುವ ಮಾನಿಟರ್ ಯಾವುದಿದೆ ಎಂದು ಕೇಳಿದರು.